ಪದ್ಮಯ್ಯನ ಏರಿನಲ್ಲಿ ಸೆಕೆಂಡ್ ಗಿಯರ್

1957ರ ಮಳೆಗಾಲಕ್ಕೆ ಮೊದಲು ನೆಲ್ಯಾಡಿಯ ಹತ್ತಿರ ಮರ ಸಾಗಿಸುವ ಲಾರಿಯೊಂದು ಇಳಿಜಾರಿನಲ್ಲಿ ಮಗುಚಿ ಅದರ ಡ್ರೈವರ್ ಬೋಜಪ್ಪ ಸತ್ತ. ಡ್ರೈವರ್ ಕುಡಿದಿದ್ದ ಎಂದು ಲಾರಿಯ ಮಾಲೀಕ ಪದ್ಮಯ್ಯ ಗೌಡ ಪೊಲೀಸರಿಗೆ ಹೇಳಿದ. ಆಮೇಲೆ ಪುತ್ತೂರು, ಕಡಬ, ನೆಲ್ಯಾಡಿ ಎಂದು ಹೋದಲ್ಲೆಲ್ಲ ಅದನ್ನೇ ಹೇಳಿದ. ಬೋಜಪ್ಪ ಕುಡಿಯುವವನಲ್ಲ. ಅದು ಅವನ ತಮ್ಮ ಕುಕ್ಕಪ್ಪನಿಗೂ ತಾಯಿ ತಿಮ್ಮಕ್ಕನಿಗೂ ಗೊತ್ತಿತ್ತು. ಊರು ನಂಬಿದ್ದು ಪದ್ಮಯ್ಯನ ಮಾತನ್ನು.

ಕುಕ್ಕಪ್ಪ ಸುಳ್ಯದಿಂದ ಪುತ್ತೂರಿಗೆ ಬಾಡಿಗೆ ಕಾರು ಓಡಿಸುತ್ತಿದ್ದ. 1947ರ ಷೆವರ್ಲೆ, ಆರು ಸಿಲಿಂಡರಿನದು. ಎಂಜಿನ್ ಸವೆದು ಹೊಗೆ ಉಗುಳತೊಡಗಿದಾಗ ಅದನ್ನು ಪುತ್ತೂರಿನ ಮೆಕ್ಯಾನಿಕ್ ಆದಂ ಕುಂಞಿಯ ಗ್ಯಾರೇಜಿಗೆ ತಂದ. ಅಲ್ಲಿ ಮೂಲೆಯಲ್ಲಿ ಒಂದು ಲಾರಿ ಎಂಜಿನ್ ಬಿದ್ದಿತ್ತು.

"ಇದು ಯಾರದ್ದು?"

ಆದಂ ಕುಂಞಿ ಕೈ ಒರಸಿಕೊಂಡ. "ನಿಮ್ಮ ಅಣ್ಣ ಓಡಿಸ್ತಿದ್ದ ಲಾರಿಯದ್ದು. ಗೌಡ್ರು ಗುಜರಿಗೆ ಕೊಟ್ರು. ಯಾರಾದ್ರೂ ತೋಟಕ್ಕೆ ನೀರೆತ್ತಲಿಕ್ಕೆ ತೆಗೊಳ್ತಾರೆ ಅಂತ ಅಂದಾಜು ಮಾಡಿದ್ರು ಕಾಣ್ತದೆ. ಎಂಜಿನಿಗೆ ಎಂತದೂ ಆಗ್ಲಿಲ್ಲ. ಕೆಟ್ಟದ್ದು ಬ್ರೇಕು. ಮಗುಚುವ ಹಿಂದಿನ ವಾರವೇ ಬೋಜಪ್ಪ ಇಲ್ಲಿಗೆ ತಂದಿದ್ದ. ಗೌಡ್ರು ಬಂದು, ಇದೊಂದು ಲೋಡ್ ಆಗ್ಲಿ, ಮತ್ತೆ ನೋಡುವ ಅಂತ ಕಳಿಸಿದ್ರು."

"ಪೊಲೀಸರಿಗೆ ಹೇಳಿದ್ರಾ?"

"ಕೇಳ್ಲಿಕ್ಕೆ ಯಾರೂ ಬರ್ಲಿಲ್ಲ."

ಕುಕ್ಕಪ್ಪ ಎಂಜಿನಿನ ಮೇಲೆ ಕೈ ಇಟ್ಟ. "ಇದನ್ನು ನನ್ನ ಕಾರಿಗೆ ಹಾಕಿ."

"ಲಾರಿಯದ್ದು ಮಾರಾಯ್ರೆ! ಮದುಮಗಳ ಒಟ್ಟಿಗೆ ಮರವನ್ನೂ ಎಳೀಲಿಕ್ಕೆ ಉಂಟಾ?"

"ಆಗ್ತದಾ, ಇಲ್ವಾ?"

ಆಗುತ್ತಿತ್ತು. ಎರಡೂ ಒಂದೇ ಕಂಪನಿಯ ಆರು ಸಿಲಿಂಡರಿನ ಎಂಜಿನ್‌ಗಳು. ಕಾರಿನದು ಇನ್ನೂರ ಹದಿನಾರು ಘನ ಅಂಗುಲ, ಲಾರಿಯದು ಇನ್ನೂರ ಮೂವತ್ತೈದು. ಫ್ಯಾನು ರೇಡಿಯೇಟರಿಗೆ ತಾಗುತ್ತಿದ್ದುದರಿಂದ ಆದಂ ಕುಂಞಿ ರೇಡಿಯೇಟರನ್ನು ಮುಂದಕ್ಕೆ ಸರಿಸಿ ಕೂರಿಸಿದ. ಕ್ಲಚ್ ಬದಲಿಸಿದ. ಕುಕ್ಕಪ್ಪ ಎಲ್ಲಕ್ಕಿಂತ ಮೊದಲು ಬ್ರೇಕ್ ಹೊಸದು ಮಾಡಿಸಿದ.

ಪುತ್ತೂರಿಗೆ ಹೋಗುವ ದಾರಿಯಲ್ಲಿ ಒಂದು ಏರು ಇದೆ. ಪದ್ಮಯ್ಯನ ಮನೆ ಅಲ್ಲೇ, ಜಗಲಿ ರಸ್ತೆಗೆ ತಾಗಿಕೊಂಡು. ಲಾರಿಯ ಎಂಜಿನಿಗೆ ಅದೊಂದು ಏರೇ ಅಲ್ಲ. ಕಾರು ತುಂಬ ಜನ ಇದ್ದರೂ ಟಾಪ್ ಗಿಯರಿನಲ್ಲೇ ಹತ್ತುತ್ತಿತ್ತು. ಕುಕ್ಕಪ್ಪ ಮಾತ್ರ ಏರಿನ ಬುಡದಲ್ಲಿ ಸೆಕೆಂಡಿಗೆ ಹಾಕಿ ಆಕ್ಸಿಲರೇಟರ್ ಒತ್ತುತ್ತಿದ್ದ; ಎಂಜಿನ್ ಹಳೆಯ ಲಾರಿಯದೇ ಸದ್ದಿನಲ್ಲಿ ಗುಡುಗುತ್ತಿತ್ತು. ಮೊದಲ ದಿನ ಪದ್ಮಯ್ಯ ಓಡಿ ಹೊರಗೆ ಬಂದು ರಸ್ತೆಯಲ್ಲಿ ತನ್ನ ಲಾರಿಯನ್ನು ಹುಡುಕಿದ. ಕಂಡದ್ದು ಕುಕ್ಕಪ್ಪನ ಕಾರು. ಎರಡನೆಯ ದಿನದಿಂದ ಹೊರಗೆ ಬರಲಿಲ್ಲ.

ಕಾರ್ ಸ್ಟ್ಯಾಂಡಿನಲ್ಲಿ ಡ್ರೈವರ್ ಜತ್ತಪ್ಪ ಕಾಲೆಳೆದ: "ಇಷ್ಟು ದೊಡ್ಡ ಎಂಜಿನು ಹಾಕಿ ಮುದಿ ಕೋಣನ ಹಾಗೆ ಏರುದು ಎಂತಕ್ಕೆ ಮಾರಾಯ? ಟಾಪಿನಲ್ಲಿ ಹೋಗುದಿಲ್ವಾ?"

"ಹೋಗ್ತದೆ. ಗೌಡ್ರಿಗೆ ಕೇಳುದಿಲ್ಲ."

"ಅವರಿಗೆ ಎಂತಕ್ಕೆ ಕೇಳ್ಬೇಕು?"

ಕುಕ್ಕಪ್ಪ ಬ್ರೇಕಿನ ಕತೆ ಹೇಳಿದ. ಡ್ರೈವರುಗಳು ಹೋಗಿ ಆದಂ ಕುಂಞಿಯನ್ನು ಕೇಳಿದರು. ಈಗ ಕೇಳುವವರು ಬಂದಿದ್ದರು, ಅವನೂ ಹೇಳಿದ.

ಪದ್ಮಯ್ಯ ಆಗ ಹೊಸ ಲಾರಿ ತಂದಿದ್ದ. ಅದಕ್ಕೆ ಬಂದ ಇಬ್ಬರು ಡ್ರೈವರುಗಳು ಈ ವಿಷಯ ಕೇಳಿ ಬಿಟ್ಟುಹೋದರು. ಮೂರನೆಯವನು ಹಂಝ. ಕೆಲಸಕ್ಕೆ ಬಂದ ಬೆಳಿಗ್ಗೆ ಅವನು ಕೀ ತೆಗೆದುಕೊಂಡು ಜಗಲಿ ಇಳಿಯುವಾಗ ಕುಕ್ಕಪ್ಪನ ಕಾರು ಏರಿಗೆ ಬಂತು.

"ಇದು ಆ ಲಾರಿಯ ಎಂಜಿನಲ್ವಾ ಗೌಡ್ರೇ?" ಎಂದು ಹಂಝ ಕೇಳಿದ. ಪದ್ಮಯ್ಯ ಮುಖ ತಿರುಗಿಸಿ ಒಳಗೆ ನಡೆದ. ಹಂಝ ಕೀಯನ್ನು ಜಗಲಿಯ ಮೇಲಿಟ್ಟು ಹೋದ. ಹೊಸ ಲಾರಿ ಅಂಗಳದಲ್ಲೇ ಉಳಿಯಿತು.

1959ರ ಡಿಸೆಂಬರಿನಲ್ಲಿ ಪದ್ಮಯ್ಯ ರಸ್ತೆಗೆ ಇಳಿದು ಕಾರಿಗೆ ಅಡ್ಡ ನಿಂತ.

"ಕುಕ್ಕಪ್ಪ, ನಾವು ಒಂದೇ ಜಾತಿಯವರು. ಆ ಎಂಜಿನು ತೆಗಿ. ನಿನಗೆ ಹೊಸತು ನಾನು ತರಿಸಿ ಕೊಡ್ತೇನೆ."

"ಎಂಜಿನು ಸರಿ ಉಂಟು ಗೌಡ್ರೇ. ಅದರ ಡ್ರೈವರೂ ಸರಿ ಇದ್ದ."

"ನಿನಗೆ ಎಂತ ಬೇಕು?"

"ನೀವು ಆ ಸುಳ್ಳು ಹೇಳಿದಲ್ಲಿಗೇ ಬಂದು ನಿಜ ಹೇಳ್ಬೇಕು."

ಮುಂದೆ ಕುಳಿತಿದ್ದ ಪ್ರಯಾಣಿಕ ಯಾರೂ ಹೇಳದೆಯೇ ಇಳಿದು ಹಿಂದಿನ ಸೀಟಿಗೆ ಹೋದ. ಪದ್ಮಯ್ಯ ಅವನ ಜಾಗದಲ್ಲಿ ಕುಳಿತ. ಪುತ್ತೂರು ಮುಟ್ಟುವವರೆಗೂ ಅವನ ಕಾಲ ಬುಡದಲ್ಲಿ ಆ ಎಂಜಿನ್ ಗುಡುಗುತ್ತಿತ್ತು.

ಸ್ಟ್ಯಾಂಡಿನಲ್ಲಿ ಡ್ರೈವರುಗಳೆಲ್ಲ ಸುತ್ತ ನಿಂತರು. ಪದ್ಮಯ್ಯ ನೆಲ ನೋಡಿಕೊಂಡು ಹೇಳಿದ: "ಬೋಜಪ್ಪ ಕುಡೀಲಿಲ್ಲ. ಬ್ರೇಕ್ ಇರ್ಲಿಲ್ಲ. ನನಗೆ ಗೊತ್ತಿತ್ತು."

"ಜೋರಾಗಿ ಹೇಳಿ ಗೌಡ್ರೇ, ಅವತ್ತು ಹೇಳಿದಷ್ಟು ಜೋರಾಗಿ" ಎಂದ ಜತ್ತಪ್ಪ.

ಪದ್ಮಯ್ಯ ಇನ್ನೊಮ್ಮೆ ಹೇಳಿ, ಮುಖ ಒರಸಿಕೊಂಡು ಕುಕ್ಕಪ್ಪನ ಕಡೆಗೆ ತಿರುಗಿದ. "ಆಯ್ತಲ್ಲ? ಇನ್ನು ಮುಗೀತಲ್ಲ?"

"ಪುತ್ತೂರಿನದ್ದು ಮುಗೀತು. ನಾಳೆ ಕಡಬ, ನಾಡಿದ್ದು ನೆಲ್ಯಾಡಿ. ಅಲ್ಲಿ ಕುರಿಯನ್‌ನ ಚಾದಂಗಡಿಯಲ್ಲೂ ಹೇಳಿದ್ರಂತೆ. ಕಡೆಗೆ ಮಂಡೆಕೋಲಿಗೆ, ನಮ್ಮ ಮನೆಗೆ, ನನ್ನ ಅಮ್ಮನ ಎದುರು."

ಕುಕ್ಕಪ್ಪ ಕಾರಿನ ಮುಂದಿನ ಬಾಗಿಲು ತೆರೆದು ಹಿಡಿದ. "ಎಲ್ಲ ಕಡೆಗೂ ನಾನೇ ಕರ್ಕೊಂಡು ಹೋಗ್ತೇನೆ. ಇದೇ ಕಾರಿನಲ್ಲಿ. ಕೂತ್ಕೊಳ್ಳಿ, ಈಗ ಮನೆಗೆ ಬಿಡ್ತೇನೆ."