ಬೀಗರು ಗಾಳ ಹಾಕಿದ ದಿನ

ಟೈಲರ್ ಬಾಯಿ ಬಿಡದ ಮನುಷ್ಯ ಎಂಬುದು ಅವರ ಬೀದಿಗೆಲ್ಲ ಗೊತ್ತಿತ್ತು. ವರ್ಷಗಟ್ಟಲೆ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಕೆಲಸ ಮಾಡಿದವರು. ಸೂಜಿ ಇಲ್ಲದಾಗಲೂ ತುಟಿ ಹಾಗೇ ಬಿಗಿದಿರುತ್ತಿತ್ತು. ಗಿರಾಕಿ ಬಂದರೆ ತಲೆ ಎತ್ತಿ ನೋಡುವರು, ಅಳತೆ ತೆಗೆಯುವರು, ಹೂಂ ಎನ್ನುವರು. ಬಟ್ಟೆ ಚೆನ್ನಾಗಿದೆ, ಗುರುವಾರ ಬನ್ನಿ, ಹೋದ ಸಲಕ್ಕಿಂತ ಹೊಟ್ಟೆ ಬಂದಿದೆ, ಎಲ್ಲವೂ ಆ ಹೂಂನಲ್ಲೇ ಇರುತ್ತಿತ್ತು. ಹಳೇ ಗಿರಾಕಿಗಳಿಗೆ ಅದು ಅರ್ಥವಾಗುತ್ತಿತ್ತು. ಬೇಕರಿಯವರಿಗೆ ಆಗಲಿಲ್ಲ.

ಬೇಕರಿಯವರ ಮಗ, ಟೈಲರ್ ಮಗಳು ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದರು. ಎರಡೂ ಮನೆಯವರು ಕೂತು ಮಾತಾಡಿದ ದಿನ ಬೇಕರಿಯವರು ಒಂದು ಗಂಟೆ ಮಾತಾಡಿ, ಕೊನೆಗೆ ಬೆವರು ಒರೆಸಿಕೊಂಡು, "ಏನಂತೀರಿ ಬೀಗರೇ?" ಎಂದು ಕೇಳಿದ್ದರು. ಟೈಲರ್ ಹೂಂ ಎಂದರು. ಬೇಕರಿಯವರು ಮನೆಗೆ ಹೋಗಿ ಮಗನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರಂತೆ: "ಆ ಮನುಷ್ಯನಿಗೆ ನಾವು ಹಿಡಿಸಿಲ್ಲ ಕಣೋ. ಹೆತ್ತಪ್ಪನಿಗೆ ಮನಸ್ಸಿಲ್ಲದೆ ಆ ಹುಡುಗೀನ ನಮ್ಮನೆಗೆ ಕರ್ಕೊಂಡು ಬರೋದು ನನ್ನ ಕೈಲಾಗಲ್ಲ. ಬಾಯಿಬಿಟ್ಟು ಹೇಳಲಿ, ನಾಳೇನೇ ದಿನ ಗೊತ್ತು ಮಾಡ್ತೀನಿ. ಹೇಳಲಿಲ್ವಾ, ಇದನ್ನ ಇಲ್ಲಿಗೇ ಬಿಟ್ಟುಬಿಡೋಣ."

ಟೈಲರ್ ಬಾಯಿ ಬಿಡಿಸುವ ದಾರಿಯನ್ನೂ ಅವರೇ ಹುಡುಕಿದರು. ಸಮುದ್ರದಡಿಯ ಬಂಡೆಗಳಿರುವಲ್ಲಿಗೆ ಮೀನು ಹಿಡಿಯಲು ಕರೆದೊಯ್ಯುವ ಬೋಟೊಂದನ್ನು ಇಡೀ ದಿನಕ್ಕೆ ಗೊತ್ತುಮಾಡಿ ಬಂದರು. ಅಪ್ಪಂದಿರಿಬ್ಬರೂ ಹಿಡಿದು ತಂದ ಮೀನಿನಲ್ಲಿ ರಾತ್ರಿ ಎರಡೂ ಮನೆಗೆ ಒಟ್ಟಿಗೆ ಊಟ. "ನೀರಿನ ಮಧ್ಯದಲ್ಲಿ ಆ ಮನುಷ್ಯ ಎಲ್ಲಿಗೆ ಎದ್ದು ಹೋಗ್ತಾನೆ, ನೋಡೇಬಿಡ್ತೀನಿ" ಎಂದಿದ್ದರಂತೆ.

ಬೆಳಿಗ್ಗೆ ಅಡುಗೆಮನೆಯಲ್ಲಿ ಮಗಳು ಫ್ಲಾಸ್ಕಿಗೆ ಚಹಾ ತುಂಬಿಸುತ್ತ, "ಅಪ್ಪ, ಇವತ್ತು ಮಾತಾಡ್ತೀಯ ತಾನೇ?" ಎಂದಳು.

"ಹೂಂ."

"ಅಯ್ಯೋ, ಅದೇ! ಅದನ್ನೇ ಬೇಡ ಅಂತಿರೋದು!"

ಹೆಂಡತಿ ಅವರ ಕೊರಳಿಂದ ಅಳತೆ ಟೇಪು ತೆಗೆದು ಮೊಳೆಗೆ ತೂಗುಹಾಕಿದಳು. "ಮೀನಿನ ಸೊಂಟ ಅಳೀಬೇಕಾ? ಹೋಗಿ ಬನ್ನಿ. ಒಂದು ಮಾತು ಸಾಕು. ಒಂದೇ ಒಂದು." ಶರ್ಟಿನ ಜೇಬಿನಲ್ಲಿದ್ದ ದಾರ ಕತ್ತರಿಸುವ ಪುಟ್ಟ ಕತ್ತರಿ ಅವಳ ಕಣ್ಣಿಗೆ ಬೀಳಲಿಲ್ಲ. ಅದು ಅಲ್ಲಿದೆ ಎಂಬುದು ಟೈಲರ್‌ಗೂ ನೆನಪಿರಲಿಲ್ಲ.

ಆ ಒಂದು ಮಾತನ್ನು ಅವರು ಹಿಂದಿನ ದಿನ ಅಂಗಡಿಯ ನಿಲುವುಗನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದ್ದರು. 'ಬೀಗರೇ, ಈ ಸಂಬಂಧ ನನಗೆ ತುಂಬ ಇಷ್ಟ.' ಅಷ್ಟೇ. ಕನ್ನಡಿಯಲ್ಲಿದ್ದ ಮನುಷ್ಯ ಅದನ್ನು ಸಲೀಸಾಗಿ ಹೇಳಿದ್ದ. ಆದರೆ ಅದನ್ನು ಇನ್ನೊಬ್ಬರ ಮುಂದೆ ಹೇಳಿಬಿಟ್ಟರೆ ಮಗಳು ಹೊರಟುಬಿಟ್ಟಂತೆಯೇ ಅಲ್ಲವೇ? ಇಷ್ಟವಿಲ್ಲದೆ ಅವರು ಸುಮ್ಮನಿದ್ದದ್ದಲ್ಲ. ತುಂಬ ಇಷ್ಟವಾಗಿದ್ದರಿಂದಲೇ ಹೂಂನಲ್ಲೇ ನಿಂತಿದ್ದರು. ಇದನ್ನು ಯಾರಿಗೆ ಹೇಗೆ ಬಿಡಿಸಿ ಹೇಳುವುದು?

ಬೋಟು ನಡೆಸುವವಳು ಗಟ್ಟಿ ಭುಜದ, ನಗುಮುಖದ ಹೆಂಗಸು. ಎಲ್ಲರೂ ಅವಳನ್ನು ಬೋಟಿನಕ್ಕ ಎನ್ನುತ್ತಿದ್ದರು. ಅವಳು ದಡದ ನೀರಿನ ಟ್ಯಾಂಕು ಕಾರ್ಖಾನೆಯ ಹೊಗೆಕೊಳವೆಯ ನೇರಕ್ಕೆ ಕಾಣುವವರೆಗೆ ಬೋಟು ನಡೆಸಿ, ಅದೇ ಗುರುತಿನಲ್ಲಿ ಇನ್ನೂ ಸ್ವಲ್ಪ ಮುಂದೆ ಹೋಗಿ ಇಂಜಿನ್ ನಿಲ್ಲಿಸಿ ಲಂಗರು ಬಿಟ್ಟಳು. "ಇದರ ಕೆಳಗೆ ಬಂಡೆ. ಬಂಡೆಯ ಸಂದಿಯಲ್ಲಿ ನಿಮ್ಮ ರಾತ್ರಿ ಊಟ. ದಾರದ ತುದಿಯ ಸೀಸದ ಗುಂಡು ತಳಕ್ಕೆ ತಾಗಿದ್ದು ಕೈಗೆ ಗೊತ್ತಾಗುತ್ತೆ. ಗೊತ್ತಾದ ಕೂಡಲೇ ಒಂದು ಮೊಳ ಮೇಲಕ್ಕೆ ಎತ್ತಿಕೊಳ್ಳಿ, ಇಲ್ಲಾಂದ್ರೆ ಕೊಕ್ಕೆ ಬಂಡೆಗೆ ಸಿಕ್ಕಿಕೊಳ್ಳುತ್ತೆ."

ಬೇಕರಿಯವರು ಹತ್ತಿದಾಗಿನಿಂದ ಮಾತಾಡುತ್ತಲೇ ಇದ್ದರು. ಒಲೆಯ ಶಾಖದ ಬಗ್ಗೆ, ಹಿಟ್ಟು ಉಬ್ಬದ ಒಂದು ಚಳಿಗಾಲದ ಬಗ್ಗೆ, ಬ್ರೆಡ್ಡನ್ನು ಬಿಸಿಬಿಸಿಯಾಗಿ ಕೊಯ್ಯುವ ಮೂರ್ಖರ ಬಗ್ಗೆ. ಟೈಲರ್ ತಮ್ಮ ವಾಕ್ಯವನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು ಸಂದಿಗಾಗಿ ಕಾದರು. ಸಂದಿಯೇ ಸಿಗಲಿಲ್ಲ. ಒಮ್ಮೆ ಬೇಕರಿಯವರು ಉಸಿರೆಳೆದುಕೊಂಡರು. ಟೈಲರ್ "ಬೀಗರೇ" ಎಂದರು.

"ಹೇಳಿ ಹೇಳಿ!" ಬೇಕರಿಯವರು ಪೂರ್ತಿ ತಿರುಗಿ ಕೂತರು. ಅಷ್ಟು ಆಸೆಯಿಂದ ನೋಡಿದರೆ ಯಾರಿಗೆ ತಾನೇ ಮಾತು ಹೊರಡುತ್ತದೆ?

"ಚಹಾ ಕುಡೀತೀರಾ?" ಎಂದರು ಟೈಲರ್.

ಬೇಕರಿಯವರ ಮುಖ ಸಪ್ಪಗಾಯಿತು. ಚಹಾ ಕುಡಿದರು. ಬೋಟಿನಕ್ಕ ಇಬ್ಬರನ್ನೂ ನೋಡಿ, ಏನೂ ಕೇಳದೆ, ಸೀಗಡಿ ತುಂಡುಗಳನ್ನು ಕೊಕ್ಕೆಗೆ ಚುಚ್ಚಿಕೊಟ್ಟಳು.

ದಾರ ಕೆಳಗಿಳಿಯಿತು. ಇಳಿಯುತ್ತಲೇ ಇತ್ತು. ಆಮೇಲೆ ಎಲ್ಲೋ ಕತ್ತಲಲ್ಲಿ ಟಕ್ ಎಂದು ಗುಂಡು ತಾಗಿದ್ದು ಟೈಲರ್ ತೋರುಬೆರಳಿಗೆ ಗೊತ್ತಾಯಿತು. ಒಂದು ಮೊಳ ಎತ್ತಿಕೊಂಡು ಕಾದರು. ಬೋಟಿನ ಹೊಟ್ಟೆಗೆ ನೀರು ಬಡಿಯುವ ಸದ್ದು ಬಿಟ್ಟರೆ ಏನಿಲ್ಲ. ಈ ಮೌನದಲ್ಲಿ ತಮ್ಮನ್ನು ಯಾರೂ ಏನೂ ಕೇಳುತ್ತಿಲ್ಲ ಎನ್ನಿಸಿ ಅವರ ಭುಜ ಸಡಿಲವಾಯಿತು. ಅಷ್ಟರಲ್ಲಿ ಬೆರಳನ್ನು ಯಾರೋ ಕೆಳಗಿನಿಂದ ಎರಡು ಸಲ ಜಗ್ಗಿದರು.

"ಎಳೀರಿ!" ಬೋಟಿನಕ್ಕ ಕೂಗಿದಳು.

ಕೈ ಮೇಲೆ ಕೈ ಹಾಕಿ ಎಳೆದರು. ನೀಲಿಯೊಳಗಿಂದ ಮೊದಲು ಒಂದು ನಸುಗೆಂಪು ಹೊಳಪು, ಆಮೇಲೆ ಇಡೀ ಮೀನು. ಬಿಸಿಲಿಗೆ ಬಂದ ಕೂಡಲೇ ಅದು ಕುಂಕುಮದ ಹಾಗೆ ಕೆಂಪಾಯಿತು. ಟೈಲರ್ ಹಲ್ಲು ಬಿಟ್ಟು ನಕ್ಕರು.

"ಅಯ್ಯಯ್ಯೋ, ಬೀಗರಿಗೆ ಹಲ್ಲೂ ಇವೆಯಲ್ರೀ!" ಎಂದರು ಬೇಕರಿಯವರು.

ಆಮೇಲೆ ಬಂಡೆಮೀನುಗಳಿಗೆ ಹಸಿವು ಕೆರಳಿತೋ ಏನೋ, ಒಂದರ ಹಿಂದೊಂದು ಬಂದವು. ಚುಕ್ಕಿಚುಕ್ಕಿಯ ದಪ್ಪ ಬಾಯಿಯವು, ಬೆನ್ನಿನ ಮೇಲೆ ಹಳದಿ ಗೆರೆಯವು. ಅಂಗೈಯಷ್ಟಿದ್ದವನ್ನು ಬೋಟಿನಕ್ಕ "ಅಮ್ಮನ ಹತ್ತಿರ ಹೋಗು" ಎಂದು ನೀರಿಗೆ ಬಿಟ್ಟಳು. ದೊಡ್ಡವನ್ನು ಒಂದೇ ಏಟಿಗೆ ಮುಗಿಸಿ ಐಸ್ ಪೆಟ್ಟಿಗೆಗೆ ಹಾಕಿದಳು. ಟೈಲರ್ ದಾರ ಮೇಲೇರುತ್ತಲೇ ಇತ್ತು. ಬೇಕರಿಯವರ ಕೊಕ್ಕೆಗೆ ಮಾತ್ರ ಒಂದು ಪಾಚಿಯ ಎಳೆ.

"ಬೇಕರಿ ಅಣ್ಣ, ಮೀನಿಗೂ ಮಾತಾಡೋಕೆ ಸ್ವಲ್ಪ ಅವಕಾಶ ಕೊಡಿ" ಎಂದಳು ಬೋಟಿನಕ್ಕ.

ಬೇಕರಿಯವರು ಮುನಿಸಿಕೊಂಡವರಂತೆ ಬಾಯಿ ಮುಚ್ಚಿದರು. ಮುಚ್ಚಿದ್ದೇ ತಡ, ಅವರ ದಾರ ಬೋಟಿನ ಅಂಚಿಗೆ ಉಜ್ಜಿಕೊಂಡು ಕಿರ್ರೆಂದಿತು. ಅವರು ಎದ್ದು ನಿಂತರು. "ಇದು ಮೀನಲ್ಲ, ಎಮ್ಮೆ!"

ಎಳೆದರು, ಎಳೆದರು. ಬೇಕರಿಯವರ ತೋಳು ಹಿಟ್ಟು ನಾದಿದ ತೋಳು. ಬಿಳಿ ನೈಲಾನ್ ದಾರ ಸುರುಳಿ ಸುರುಳಿಯಾಗಿ ಅವರ ಎದೆ, ಹೊಟ್ಟೆ, ಕಾಲ ಮೇಲೆಲ್ಲ ಬಿತ್ತು. ನೀರೊಳಗೆ ಕಂದುಬಣ್ಣದ ದೊಡ್ಡದೊಂದು ಮೈ ಹೊರಳಿತು. ಬೋಟಿನಕ್ಕ ಹಿಡಿಕೆಯ ಬಲೆ ತೆಗೆದುಕೊಂಡು ಬಾಗಿದಳು. ಟೈಲರ್ ಕೂಡ ಓಡಿಬಂದು ಪಕ್ಕಕ್ಕೆ ನಿಂತರು. ಆಗ ಅವರ ಕಣ್ಣಿಗೆ ಬಿದ್ದದ್ದು ಮೀನಲ್ಲ. ಬೇಕರಿಯವರ ಶರ್ಟಿನ ಎರಡನೇ ಗುಂಡಿಯಿಂದ ಬಿಳೀ ದಾರವೊಂದು ಜೋತಾಡುತ್ತಿತ್ತು.

ಅವರು ಯೋಚಿಸಲಿಲ್ಲ. ಶರ್ಟಿನ ಮೇಲೆ ಜೋತಾಡುವ ದಾರ ಕಂಡು ಯೋಚಿಸಿದ್ದೇ ಇಲ್ಲ. ಎರಡು ಬೆರಳು ಜೇಬಿಗೆ ಹೋದವು, ಕತ್ತರಿ ಬಂತು, ಗುಂಡಿಯ ಬುಡಕ್ಕೆ ಸರಿಯಾಗಿ ಚಕ್ ಎಂದಿತು. ಕೆಲಸ ನೀಟಾಗಿ ಆಯಿತೆಂದು ಒಂದು ಗಳಿಗೆ ಸಮಾಧಾನವೂ ಆಯಿತು.

ಮೀನು ಬಲೆ ಕಂಡು ಕೆಳಕ್ಕೆ ಧುಮುಕಿತು.

"ಬಿಡಿ, ಬಿಡಿ, ದಾರ ಬಿಡಿ! ಓಡಿ ಸುಸ್ತಾಗಲಿ!" ಬೋಟಿನಕ್ಕ ಕೂಗಿದಳು. ಬೇಕರಿಯವರು ದಾರವನ್ನು ಬೆರಳುಗಳ ನಡುವೆ ಹರಿಯಲು ಬಿಟ್ಟರು. ಹರಿಯಿತು. ಹರಿದು ಹರಿದು, ಅದರ ತುದಿಯೇ ಬಂದು, ಅವರ ಕೈಯಿಂದ ಜಾರಿ, ಬೋಟಿನ ಅಂಚು ದಾಟಿ, ಹಲ್ಲಿಯ ಬಾಲದಂತೆ ಒಮ್ಮೆ ಅಲ್ಲಾಡಿ ನೀರಿಗೆ ಹೋಯಿತು.

ಬೇಕರಿಯವರು ಖಾಲಿ ಕೈ ನೋಡಿಕೊಂಡರು. ಬೋಟಿನಕ್ಕ ಕೆಳಗೆ ಬಿದ್ದಿದ್ದ ಉಳಿದ ಸುರುಳಿಯ ತುದಿ ಎತ್ತಿ ನೋಡಿದಳು. ಆಮೇಲೆ ಇಬ್ಬರೂ ಟೈಲರ್ ಕೈಯಲ್ಲಿದ್ದ ಕತ್ತರಿ ನೋಡಿದರು.

ಬಾಯಿ ಮುಚ್ಚದ ಬೇಕರಿಯವರೇ ಸುಮ್ಮನಾಗಿದ್ದನ್ನು ಕಂಡು ಟೈಲರ್ ಗಾಬರಿಯಾದರು. ಬೇಕೆಂದೇ ಕತ್ತರಿಸಿದೆ ಅಂದುಕೊಂಡರೆ? ಸಂಬಂಧ ಬೇಡ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ರೀತಿ ಇನ್ನೇನಿದೆ? ಮಗಳ ಮುಖ ಕಣ್ಣೆದುರು ಬಂತು.

"ಇಲ್ಲ ಬೀಗರೇ, ಇಲ್ಲ" ಎಂದರು. ಅಣೆಕಟ್ಟಿನ ಬಾಗಿಲು ತೆರೆದಂತಾಯಿತು. "ದೇವರಾಣೆ ಬೇಕೂಂತ ಮಾಡಿದ್ದಲ್ಲ. ಶರ್ಟಲ್ಲಿ ದಾರ ನೇತಾಡ್ತಿದ್ರೆ ನನ್ನ ಕೈ ಕೇಳಲ್ಲ ರೀ! ಬಸ್ಸಲ್ಲಿ ಗುರುತಿಲ್ಲದವರದ್ದೂ ಕತ್ತರಿಸಿದೀನಿ, ಬೈಸಿಕೊಂಡಿದೀನಿ. ನಿಮ್ಮನ್ನ ಕಂಡ್ರೆ ಆಗಲ್ಲ ಅಂತ ಅಂದ್ಕೋಬೇಡಿ. ನಿಮ್ಮ ಹುಡುಗ ಒಂದೇ ತಿಂಗಳಲ್ಲಿ ಎಷ್ಟು ಸಲ ಪ್ಯಾಂಟಿನ ಅಳತೆಗೆ ಬಂದ ಗೊತ್ತಾ? ಸೊಂಟ ಅಷ್ಟೇ ಇತ್ತು. ನನಗೇನು ಗೊತ್ತಾಗಲ್ವಾ? ಸುಮ್ಮನೆ ಅಳತೆ ತೆಗೆದೆ. ಅವನು ಬಂದು ಹೋದ ದಿನ ನನ್ನ ಮಗಳು ಪಾತ್ರೆ ತೊಳೀತಾ ಹಾಡು ಹೇಳ್ತಾಳೆ ರೀ. ಅವಳು ಹೋದ್ಮೇಲೆ ಆ ಹಾಡು ನಮ್ಮನೇಲಿ ಇರಲ್ಲ, ಅದಕ್ಕೇ ನನ್ನ ಬಾಯಿಗೆ ಮಾತು ಬರಲಿಲ್ಲ, ಬೇರೇನೂ ಅಲ್ಲ. ಈ ಸಂಬಂಧ ನನಗೆ ಎಷ್ಟು ಇಷ್ಟ ಅಂದ್ರೆ, ನಿಮ್ಮ ಹುಡುಗನ ಮದುವೆ ಸೂಟಿಗೆ ನೀವು ಮನೆಗೆ ಬರೋಕೆ ಮುಂಚೇನೇ ಬಟ್ಟೆ ಕತ್ತರಿಸಿಟ್ಟಿದೀನಿ!"

ಬೋಟು ಒಮ್ಮೆ ತೂಗಿತು.

"ಸೂಟು?" ಎಂದರು ಬೇಕರಿಯವರು ಮೆಲ್ಲಗೆ.

"ಬೂದುಬಣ್ಣದ್ದು. ಕೋಟಿಗೆ ತೋಳು ಕೂರಿಸೋದೊಂದು ಬಾಕಿ."

"ಇದನ್ನ ಮೊದಲೇ ಹೇಳಬಾರದಾಗಿತ್ತೇನ್ರೀ, ಪುಣ್ಯಾತ್ಮರೇ?"

"ಹೊಲಿದು ಕೊಟ್ರೆ ಹೇಳಿದ ಹಾಗೇ ಅಂದ್ಕೊಂಡಿದ್ದೆ."

ಬೇಕರಿಯವರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ. ಹಲಗೆಯ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. "ಬೋಟಿನಕ್ಕ, ಕೇಳಿದೆಯೇನಮ್ಮ? ಈ ಮನುಷ್ಯನ ಬಾಯಿ ಬಿಡಿಸೋಕೆ ಎಮ್ಮೆಯಂಥ ಮೀನು ಕೊಡಬೇಕಾಯ್ತು!"

"ಕೇಳಿದೆ. ಮೊದಲು ಆ ಕತ್ತರಿ ಇಲ್ಲಿ ಕೊಡಿ, ಟೈಲರ್ ಅಣ್ಣ. ಲಂಗರಿನ ಹಗ್ಗಾನೂ ನೇತಾಡ್ತಾ ಇದೆ." ಅವಳು ಕತ್ತರಿಯನ್ನು ಇಸಿದುಕೊಂಡು ಇಂಜಿನ್ ಪೆಟ್ಟಿಗೆಯೊಳಗಿಟ್ಟು ಬಾಗಿಲು ಹಾಕಿದಳು.

ಮಧ್ಯಾಹ್ನವೆಲ್ಲ ಅವರು ಪಕ್ಕಪಕ್ಕ ಕೂತು ಗಾಳ ಹಾಕಿದರು. ಬೇಕರಿಯವರಿಗೂ ಸಿಕ್ಕವು, ಕೆಂಪನೆಯವೇ. ಒಂದೊಂದು ಬಂದಾಗಲೂ "ಹೋದದ್ದರ ಮುಂದೆ ಇದು ಮರಿ" ಎನ್ನುವರು. ಹೋದದ್ದು ಪ್ರತಿ ಸಲವೂ ಸ್ವಲ್ಪ ಬೆಳೆಯುತ್ತಿತ್ತು. ನಡುವೆ ತುಂಬ ಹೊತ್ತು ಇಬ್ಬರೂ ಏನೂ ಮಾತಾಡಲಿಲ್ಲ. ಆ ಸುಮ್ಮನಿರುವಿಕೆಯಲ್ಲಿ ತಾವು ಒಬ್ಬರೇ ಇಲ್ಲ ಎಂಬುದು ಟೈಲರ್‌ಗೆ ಹೊಸದಾಗಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಬೋಟು ದಡಕ್ಕೆ ಬಂತು. ಕಟ್ಟೆಯ ಮೇಲೆ ಮಗಳು ಕಾಯುತ್ತಿದ್ದಳು. ಬೆಳಿಗ್ಗೆಯಿಂದ ಉಗುರು ಕಚ್ಚಿದ್ದಳೆಂದು ಕಾಣುತ್ತದೆ. ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದಳು. ಅಪ್ಪನ ಮುಖ ನೋಡಿದಳು, ಬೇಕರಿಯವರ ಮುಖ ನೋಡಿದಳು, ಬಾಯಿ ತೆರೆದಳು.

ಐಸ್ ಪೆಟ್ಟಿಗೆಯ ಒಂದೊಂದು ಹಿಡಿಕೆಯನ್ನು ಒಬ್ಬೊಬ್ಬರು ಹಿಡಿದು ಇಬ್ಬರೂ ಮೆಟ್ಟಿಲು ಹತ್ತುತ್ತಿದ್ದರು.

"ದೊಡ್ಡದನ್ನ ಇಡಿಯಾಗಿ ಒಲೆಗಿಡೋಣ, ನಮ್ಮ ಬೇಕರಿ ಒಲೆಗೆ" ಎನ್ನುತ್ತಿದ್ದರು ಬೇಕರಿಯವರು.

"ಒಣಗಿಹೋಗುತ್ತೆ ರೀ. ಹೋಳು ಮಾಡಿ ಹುರಿಯೋದೇ ಸರಿ" ಎಂದರು ಟೈಲರ್.

"ಒಲೆ ಬಗ್ಗೆ ನನಗೇ ಹೇಳ್ತೀರಾ?"

"ತಿನ್ನೋದು ನಾನೂ ತಾನೇ? ಒಣಗಿದ್ದು ಬೇಡ. ಚರ್ಮ ಗರಿಗರಿ ಆಗಬೇಕು. ನನ್ನ ಹೆಂಡತಿ ಮಾಡೋ ಹಾಗೆ, ಬಾಣಲೆ ಚೆನ್ನಾಗಿ ಕಾದ ಮೇಲೆ..."

"ಅಪ್ಪ..." ಎಂದಳು ಮಗಳು.

"ಇರು ಮಗಳೇ, ಒಂದು ನಿಮಿಷ. ಬೀಗರಿಗೆ ಬಾಣಲೆ ವಿಷಯ ಗೊತ್ತಿಲ್ಲ" ಎಂದು ಟೈಲರ್ ಮಾತು ಮುಂದುವರಿಸಿದರು. ಅವಳು ಅವರು ಕಟ್ಟೆಯ ಮೇಲೆ ಮರೆತಿದ್ದ ಫ್ಲಾಸ್ಕನ್ನು ಎತ್ತಿಕೊಂಡು, ನಗು ತಡೆಯಲಾರದೆ, ಅವರ ಹಿಂದೆಯೇ ಮೆಟ್ಟಿಲು ಹತ್ತಿದಳು.