ಉಪವಾಸ ಸಭೆಯಲ್ಲಿ ಡೆಬೊರಾಳ ವ್ಯಾಪಾರ

ತಮ್ಮನ್ನು ಸಂತರೆಂದೇ ಕರೆದುಕೊಳ್ಳುವ ಊರಿನ ಭಕ್ತಸಭೆಯವರು ಬ್ಯಾಂಕು ತೆರೆದ ಚಳಿಗಾಲದಲ್ಲಿ ಅಲ್ಫಿಯಸ್ ಟಟಲ್‌ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಒಹಾಯೊ ಸರಕಾರ ಬ್ಯಾಂಕು ನಡೆಸಲು ಪರವಾನಗಿಯ ಸನ್ನದು ಕೊಟ್ಟಿರಲಿಲ್ಲ. ಕೊಡದಿದ್ದರೆ ಬಿಡಲಿ, ದೇವರ ಕೃಪೆ ಇದೆಯಲ್ಲ ಎಂದು ಊರಿಗೆ ಊರೇ ಆ ಬ್ಯಾಂಕು ಅಚ್ಚುಹಾಕಿದ ಗರಿಗರಿ ನೋಟು ಹಿಡಿದು ಓಡಾಡುತ್ತಿತ್ತು. ನಿನ್ನೆ ಮೊನ್ನೆಯವರೆಗೆ ಜೋಳದ ಗಂಜಿ ಕುಡಿಯುತ್ತಿದ್ದವರ ಬಾಯಲ್ಲಿ ಈಗ ಸೈಟಿನ ಮಾತು. ಸಹೋದರನೊಬ್ಬ ನೋಟು ಚಾಚಿದರೆ ಬೇಡವೆನ್ನುವ ಹಾಗಿರಲಿಲ್ಲ. ಬೇಡವೆಂದವನ ಹೆಸರು ಗುರುವಾರದ ಉಪವಾಸ ಸಭೆಯಲ್ಲಿ ನಂಬಿಕೆಗೆಟ್ಟವನೆಂದು ಎಲ್ಲರ ಪ್ರಾರ್ಥನೆಗೆ ಬೀಳುತ್ತಿತ್ತು. ಅದಕ್ಕಿಂತ ನಾಲ್ಕು ಬೈಗುಳ ತಿನ್ನುವುದು ವಾಸಿ.

ಹೀಗಿರುವಾಗ ಗಿರಣಿಯ ಜೆಬುಲನ್ ಸ್ಟಾರ್ಕ್ ಬಂದು ಹಸುವಿಗೆ ಬೆಲೆ ಕಟ್ಟಿದ. ಅಲ್ಫಿಯಸ್ ಒಂದು ಕಟ್ಟು ನೋಟು ಇಸಿದುಕೊಂಡು ಹಸು ಡೆಬೊರಾಳ ಹಗ್ಗ ಅವನ ಕೈಗಿತ್ತ. ಚೀಸು ಮಾರಲು ಪೇನ್ಸ್‌ವಿಲ್‌ಗೆ ಹೋಗಿದ್ದ ಅಲ್ಫಿಯಸ್‌ನ ಹೆಂಡತಿ ಲೊವಿನಾ ಮನೆಗೆ ಬಂದಾಗ ಕೊಟ್ಟಿಗೆ ಖಾಲಿ.

“ಹಸು ಎಲ್ರೀ?”

“ಹಸು ಹೋದ್ರೆ ಹೋಯ್ತು. ನೋಡಿಲ್ಲಿ, ದುಡ್ಡು!”

“ಇದನ್ನ ಹಿಂಡಿದ್ರೆ ಹಾಲು ಬರತ್ತಾ? ಪೇನ್ಸ್‌ವಿಲ್ ಅಂಗಡಿಯೋನು ಈ ನೋಟು ನೋಡಿ ಹೊಟ್ಟೆ ಹಿಡ್ಕೊಂಡು ನಗ್ತಾನೆ.”

“ನಂಬಿಕೆ ಇರಬೇಕು ಕಣೇ.”

“ನಂಬಿಕೆ ನಂಗೂ ಇದೆ. ಮಗೂಗೆ ಹಸಿವೂ ಇದೆ.”

ಲೊವಿನಾಳ ಎದೆಹಾಲು ಬತ್ತಿತ್ತು. ಮಗು ಬದುಕಿದ್ದು ಡೆಬೊರಾಳ ಹಾಲಿನಿಂದ, ಮನೆ ನಡೆಯುತ್ತಿದ್ದುದು ಅವಳ ಚೀಸಿನಿಂದ. ಲೊವಿನಾ ಮೇಲುಹೊದಿಕೆ ಕೂಡ ತೆಗೆಯದೆ ಗಿರಣಿಗೆ ನಡೆದಳು. ಅಲ್ಲಿ ಸ್ಟಾರ್ಕ್ ಪರವೂರಿನ ಗಾಡಿಯವನಿಗೆ ಹಿಟ್ಟು ತೂಗಿ, ಬೆಳ್ಳಿ ನಾಣ್ಯವನ್ನೇ ಎಣಿಸಿ ತೆಗೆದುಕೊಳ್ಳುತ್ತಿದ್ದ.

“ನಿಮ್ಮ ನೋಟು ತಗೊಳ್ಳಿ ಸ್ಟಾರ್ಕಣ್ಣ, ನನ್ನ ಹಸು ಕೊಡಿ.”

“ಕರೆಯೋ ಹಸು ಯಾರಾದ್ರೂ ಮಾರ್ತಾರಾ ಲೊವಿನಕ್ಕ?” ಎಂದು ಅವನು ನಕ್ಕ.

ಆ ನಗುವಿಗೆ ಅವಳ ಮೈಯೆಲ್ಲ ಉರಿಯಿತು. ಇದೇ ಮನುಷ್ಯ ಹೋದ ಸಭೆಯಲ್ಲಿ ಎದ್ದುನಿಂತು, ನಮ್ಮ ನೋಟು ಚಿನ್ನಕ್ಕಿಂತ ಗಟ್ಟಿ, ಅದಕ್ಕೆ ನನ್ನ ಮನೆಯಲ್ಲಿರುವುದನ್ನೆಲ್ಲ ಮಾರಿಯೇನು ಎಂದು ಕಣ್ಣೀರು ಹಾಕಿ ಸಾಕ್ಷಿ ನುಡಿದಿದ್ದ. ದಾರಿಯುದ್ದಕ್ಕೂ ಆ ಮಾತನ್ನೇ ಮೆಲುಕು ಹಾಕುತ್ತ ಅವಳು ಮನೆ ಸೇರಿದಳು.

ಗುರುವಾರ ಮಂದಿರ ಕಿಕ್ಕಿರಿದಿತ್ತು. ಉಪವಾಸದ ಹೊಟ್ಟೆಗಳು ಕೀರ್ತನೆಗೆ ತಾಳ ಹಾಕುತ್ತಿದ್ದವು. ಸಾಕ್ಷಿ ನುಡಿಯುವ ಹೊತ್ತು ಬಂದಾಗ ಲೊವಿನಾ ಮಗುವನ್ನೆತ್ತಿಕೊಂಡು ಎದ್ದಳು. ಅಲ್ಫಿಯಸ್ ಅವಳ ಸೆರಗು ಜಗ್ಗುವವನಂತೆ ಹೊದಿಕೆಯ ಅಂಚು ಎಳೆದ; ಅವಳು ಕೊಡವಿಕೊಂಡಳು.

“ಸ್ಟಾರ್ಕಣ್ಣನ ಮಾತು ನನ್ನ ಮನಸ್ಸಿಗೆ ನಾಟಿಬಿಡ್ತು. ಅದಕ್ಕೇ ಅವರು ಕೊಟ್ಟ ನೋಟನ್ನೂ ತಂದಿದ್ದೀನಿ, ಮನೇಲಿದ್ದ ಬೇರೆ ನೋಟನ್ನೂ ತಂದಿದ್ದೀನಿ. ಅವರಿಗೆ ಲಾಭವೇ. ಡೆಬೊರಾನ ನಂಗೆ ಮಾರ್ತಾರೆ ಅನ್ನೋದು ನನ್ನ ಸಾಕ್ಷಿ. ಆಮೆನ್!”

“ಆಮೆನ್!” ಎಂದಿತು ಸಭೆ, ಅಭ್ಯಾಸಬಲದಿಂದ.

ಸ್ಟಾರ್ಕನಿಗೆ ಅತ್ತ ದರಿ, ಇತ್ತ ಪುಲಿ. ಹಸು ಕೊಡೆನೆಂದರೆ ತಾನೇ ಆಡಿದ ಸಾಕ್ಷಿ ಸುಳ್ಳು. ನೋಟು ತೆಗೆದುಕೊಂಡರೆ, ಕಷ್ಟಪಟ್ಟು ಸಾಗಹಾಕಿದ ಕಾಗದ ಬಡ್ಡಿ ಸಮೇತ ವಾಪಸು. ಅವನು ಹಣೆ ಒರೆಸಿಕೊಂಡ, ಕೆಮ್ಮಿದ, ಕೊನೆಗೆ ದಾನಶೂರನ ಮುಖ ಮಾಡಿಕೊಂಡು ಎದ್ದ.

“ಹಸು ಹೊಡ್ಕೊಂಡು ಹೋಗಿ ಅಕ್ಕ, ಮಗೂಗಾಗಿ ಕೊಟ್ಟೆ. ನೋಟು… ನೋಟು ನೀವೇ ಇಟ್ಕೊಳ್ಳಿ.”

ಯಾರೂ ಆಮೆನ್ ಎನ್ನಲಿಲ್ಲ. ಮುಂದಿನ ಸಾಲಿನಲ್ಲಿದ್ದ ಮುದುಕಿ ಮೆಹಿಟಬೆಲಮ್ಮನಿಗೆ ಕಿವಿ ಮಂದ. ಪಿಸುಗುಟ್ಟಿದರೂ ಗುಡ್ಡದಾಚೆಗೆ ಕೇಳುತ್ತದೆ. “ಅಲ್ವೇ, ಎಂಜಲು ಕೈಲಿ ಕಾಗೆ ಓಡಿಸದೋನು ಹಸೂನೇ ಬಿಟ್ಟಿ ಕೊಟ್ಟನಾ? ಹಾಗಾದ್ರೆ ಆ ನೋಟಲ್ಲೇ ಏನೋ ಐಬಿದೆ!”

ಹಿಂದಿನ ಬೆಂಚಿನಲ್ಲಿ ಒಂದು ಜೊತೆ ಬೂಟು ಬಾಗಿಲ ಕಡೆ ಸದ್ದು ಮಾಡಿತು. ಆಮೇಲೆ ಇನ್ನೊಂದು. ಮುಕ್ತಾಯದ ಪ್ರಾರ್ಥನೆಗೆ ಉಳಿದವರು ಹಿರಿಯರು ಮತ್ತು ಮೆಹಿಟಬೆಲಮ್ಮ ಮಾತ್ರ.

ಡೆಬೊರಾಳನ್ನು ಹಿಡಿದುಕೊಂಡು ಲೊವಿನಾ ಗುಡ್ಡ ಇಳಿಯುವಾಗ ಬ್ಯಾಂಕಿನ ಮುಂದೆ ನೋಟಿಗೆ ಬೆಳ್ಳಿ ಕೇಳುವವರ ಜಾತ್ರೆ ನೆರೆದಿತ್ತು. ಒಳಗಿದ್ದ ಬೆಳ್ಳಿ ಬೇಗನೆ ಮುಗಿದು ಬಾಗಿಲು ಬಿತ್ತು. ಮೆಟ್ಟಿಲ ಮೇಲೆ ಕುಳಿತು ಅಳುತ್ತಿದ್ದ ನೆರೆಯವರನ್ನು ಕಂಡು ಅವಳು ಹಗ್ಗ ಹಿಡಿದು ಅಲ್ಲೇ ನಿಂತುಬಿಟ್ಟಳು. ಅವಳಿಗೆ ಬೇಕಿದ್ದದ್ದು ಹಸು ಅಷ್ಟೇ.

ಅಲ್ಫಿಯಸ್ ಸಾಲಿನಿಂದ ಬರಿಗೈಯಲ್ಲಿ ಬಂದ.

“ಎಲ್ಲಾ ಹೋಯ್ತು ಲೊವಿನಾ. ನೋಡಿದೋರು ನಗ್ತಾರೆ.”

“ಯಾರು ನಗೋದು? ಎಲ್ಲರ ಮನೇಲೂ ಅದೇ ಕಟ್ಟು. ಬನ್ನಿ, ಹಾಲು ಕರೀರಿ.”

ಅವನು ಕೂತು ಹಾಲು ಕರೆದ. ಮಗು ಕುಡಿದು ಮಲಗಿತು. ಪಾತ್ರೆಯಲ್ಲಿ ಇನ್ನೂ ಹಾಲಿತ್ತು. ಮಬ್ಬುಗತ್ತಲಾಗುವ ಹೊತ್ತಿಗೆ ಬೇಲಿಯಾಚೆ ಸ್ಟಾರ್ಕನ ಹೆಂಡತಿ ಹೂಜಿ ಹಿಡಿದು ನಿಂತಿದ್ದಳು, ತಲೆ ತಗ್ಗಿಸಿಕೊಂಡು. ಅವಳ ಮನೆಯಲ್ಲೂ ಪುಟ್ಟ ಮಕ್ಕಳು. ಬೇರೇನೂ ತೋಚದೆ ಅವಳು ಒಂದು ನೋಟು ಚಾಚಿದಳು.

ಸಹೋದರರ ನೋಟನ್ನು ಒಮ್ಮೆಯೂ ಬೇಡವೆನ್ನದ ಅಲ್ಫಿಯಸ್ ಅವಳ ಹೂಜಿಯನ್ನು ತುಂಬಿಸಿ ಕೊಟ್ಟ.

“ಹಾಲು ತಗೊಂಡ್ಹೋಗಿ ತಂಗಿ. ನೋಟು ನೀವೇ ಇಟ್ಕೊಳ್ಳಿ.”

ಲೊವಿನಾ ಮೊದಲು ನಕ್ಕಳು. ಆಮೇಲೆ ಸ್ಟಾರ್ಕನ ಹೆಂಡತಿಗೂ ತಡೆಯಲಾಗಲಿಲ್ಲ.