ತುಳಿದರೆ ಮೇಲೆ ಬರುತ್ತದೆ

"ತುಳಿದೂ ತುಳಿದೂ ಸಮುದ್ರನೇ ಕೆಡಿಸಿಬಿಟ್ರಲ್ಲೇ, ಹಾಳು ಮುಂಡೇವಾ!"

ಹೀಗೆ ಬೈದವನು ಚರ್ಮದ ಕಾರ್ಖಾನೆಯ ಮ್ಯಾನೇಜರು. ದಡದ ಮೇಲೆ, ಮೂಗಿಗೆ ಕರ್ಚೀಫು ಹಿಡಿದು ನಿಂತಿದ್ದ. ನಾವು ಹೆಂಗಸರು ಕಡಲ ಹಿನ್ನೀರಿನಲ್ಲಿ ಸೊಂಟದವರೆಗೆ ಇಳಿದು, ಮಾರಲು ಚಿಪ್ಪುಮೀನು ತುಳಿದು ತೆಗೆಯುತ್ತಿದ್ದೆವು. ನಮ್ಮ ಕೆಲಸಕ್ಕೆ ಹಾರೆ ಗುದ್ದಲಿ ಬೇಡ. ಒಬ್ಬರ ಹೆಗಲು ಒಬ್ಬರು ಹಿಡಿದು, ಸಾಲಾಗಿ ನಿಂತು, ಹಿಮ್ಮಡಿಯಿಂದ ಕೆಸರು ಕಲಕುತ್ತ ಹೋದರೆ ಚಿಪ್ಪು ತಾನಾಗಿ ಕಾಲಿಗೆ ತಾಗುತ್ತದೆ. ಅದನ್ನು ಕಾಲ್ಬೆರಳುಗಳಲ್ಲಿ ಹಿಡಿದೆತ್ತಿ ಬುಟ್ಟಿಗೆ ಹಾಕುವುದು. ಈಚೆಗೆ ಕಾಲಿಗೆ ತಾಗುವುದೆಲ್ಲ ಬಾಯಿ ಬಿಟ್ಟುಕೊಂಡು ಸತ್ತವೇ.

"ನಾವು ಕೆಡಿಸಿದ್ವಾ? ನಿಮ್ಮ ಪೈಪಲ್ಲಿ ಪನ್ನೀರು ಬರ್ತದಾ ಸ್ವಾಮಿ?" ಎಂದಳು ಅತ್ತೆ. ನನ್ನ ಗಂಡನ ತಾಯಿ. ನಮ್ಮ ಸಾಲಿನ ಮುಂದಾಳು. ಅವಳ ಬಾಯಿಗೆ ಊರಿನ ನಾಯಿಗಳೂ ಹೆದರುತ್ತವೆ.

"ಬಾಯಿ ಮುಚ್ಚೇ ಮುದುಕಿ. ನೀರು ಪರೀಕ್ಷೆ ಮಾಡೋಕೆ ಸರ್ಕಾರದ ಸಾಹೇಬ್ರು ಬಂದಿದಾರೆ. ಯಾರ ತಪ್ಪು ಅಂತ ಅವರೇ ಹೇಳ್ತಾರೆ."

ಸಾಹೇಬ ದೋಣಿಯಲ್ಲಿ ಬಂದ. ಮುಂಗೈ ಒದ್ದೆಯಾಗದ ಹಾಗೆ ಮೇಲುಮೇಲಿನ ನೀರನ್ನು ಬಾಟಲಿಗೆ ತುಂಬಿಕೊಂಡ. ಅಷ್ಟೇ ಪರೀಕ್ಷೆ. ಆ ಕ್ಷಣದಿಂದ ನಮ್ಮ ಬಾಯಲ್ಲಿ ಅವನು ಬಾಟ್ಲಿ ಸಾಹೇಬನಾದ. ಕೆಟ್ಟವನೇನಲ್ಲ, ಪಾಠ ಹೇಳುವ ಚಟವಿತ್ತು.

"ನೋಡ್ರಮ್ಮಾ, ನೀರಲ್ಲಿ ಸಲ್ಫೈಡ್ ಅಂತ ಒಂದಿರುತ್ತೆ. ಕೊಳೆತ ಮೊಟ್ಟೆ ನಾತ ಬರುತ್ತಲ್ಲ, ಅದೇ. ಮೇಲಿನ ನೀರಿಗೆ ಗಾಳಿ ತಾಗುತ್ತೆ, ಅಲ್ಲಿ ಅದು ಉಳಿಯಲ್ಲ. ತಳದ ಕೆಸರಲ್ಲಿ ಗಾಳಿ ಇಲ್ಲ, ಅಲ್ಲಿ ತೆಪ್ಪಗೆ ಮಲಗಿರುತ್ತೆ. ನೀವು ತುಳಿದು ಎಬ್ಬಿಸ್ತೀರಿ. ಚಿಪ್ಪು ಸಾಯುತ್ತೆ."

"ತುಳಿದ್ರೆ ಮೇಲೆ ಬರ್ತದಾ ಸ್ವಾಮಿ?" ಎಂದು ಅತ್ತೆ ಕೇಳಿದಳು.

"ಬರದೇ ಏನು? ಚೆನ್ನಾಗೇ ಬರುತ್ತೆ."

"ತಳಕ್ಕೆ ಅದು ಬಂದಿದ್ದೆಲ್ಲಿಂದ?"

"ಅದು ಈ ಪರೀಕ್ಷೆಗೆ ಸಂಬಂಧಪಟ್ಟ ವಿಷಯ ಅಲ್ಲಮ್ಮಾ," ಎಂದವನು ದೋಣಿ ತಿರುಗಿಸಿದ.

ನನಗೆ ಮೈಯೆಲ್ಲ ಉರಿಯಿತು. ಕಳೆದ ಬೇಸಿಗೆಯಲ್ಲಿ ನನ್ನ ನಾದಿನಿ ಆ ಪೈಪಿನ ಬಳಿಯ ಗುಂಡಿಯಲ್ಲಿ ಅದೇ ನಾತಕ್ಕೆ ತಲೆ ತಿರುಗಿ ಬಿದ್ದಿದ್ದಳು. ಜುಟ್ಟು ಹಿಡಿದು ಎಳೆದು ತಂದವಳು ನಾನೇ. ಇವತ್ತಿಗೂ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುತ್ತಾಳೆ. ಅದೂ ಸಂಬಂಧಪಡದ ವಿಷಯವೇ ಇರಬೇಕು.

ವಾರ ಕಳೆಯುವಷ್ಟರಲ್ಲಿ ತೀರ್ಮಾನ ಬಂತು. ನೀರು ಪರಿಶುದ್ಧ, ಚಿಪ್ಪು ಸಾಯುವುದು ನಮ್ಮ ತುಳಿತದಿಂದ. ಅದನ್ನು ಲೋಕಕ್ಕೆ ತೋರಿಸಲು ಕಾರ್ಖಾನೆಯ ಮಾಲೀಕ ಭಾನುವಾರ ಸ್ವತಃ ನೀರಿಗಿಳಿದು ಮುಳುಗು ಹಾಕುತ್ತಾನೆ. ಅದು ಮುಗಿದ ಕೂಡಲೇ ದಡಕ್ಕೆ ಬೋರ್ಡು ಹೊಡೆಯುತ್ತಾರೆ: ಇನ್ನು ಮುಂದೆ ಚಿಪ್ಪು ತುಳಿಯುವವರು ನೀರಿಗಿಳಿಯುವಂತಿಲ್ಲ. ಹಾಗಾದರೆ ನಮ್ಮ ಹೊಟ್ಟೆಪಾಡು? "ಕಾರ್ಖಾನೆಗೆ ಬನ್ನಿ, ತೊಗಲು ಕೆರೆಯೋ ಕೆಲಸ ಇದೆ," ಎಂದ ಮ್ಯಾನೇಜರು, ವರ ಕೊಟ್ಟವನ ಹಾಗೆ.

ಭಾನುವಾರ ನಮಗೂ ಕರೆ ಬಂತು. ಫೋಟೋದ ಹಿಂದುಗಡೆ ಬಡವರು ಇದ್ದರೆ ಚೆನ್ನಾಗಿ ಕಾಣುತ್ತದಂತೆ.

"ಬುಟ್ಟಿ ಹಿಡಿದು ನೀರಲ್ಲಿ ನಿಂತ್ಕೊಳ್ರೇ. ಹಲ್ಲು ಕಿರೀರಿ. ಸುಮ್ನೆ ಕಂಬದ ಥರ ನಿಲ್ಬೇಡಿ, ನಿಜವಾಗ್ಲೂ ಕೆಲಸ ಮಾಡೋ ಹಾಗೆ ಕಾಣ್ಬೇಕು," ಎಂದು ಮ್ಯಾನೇಜರು ಕೂಗಿದ.

"ಆಯ್ತು ಸ್ವಾಮಿ, ನಿಜವಾಗ್ಲೂನೇ ಮಾಡ್ತೀವಿ," ಎಂದ ಅತ್ತೆ ನನ್ನತ್ತ ತಿರುಗಿ ಕಣ್ಣು ಮಿಟುಕಿಸಿದಳು. ಮದುವೆಯಾಗಿ ಬಂದಾಗಿನಿಂದ ಅವಳು ನನ್ನನ್ನು ನೋಡಿ ಕಣ್ಣು ಕೆಂಪಗೆ ಮಾಡಿದ್ದಷ್ಟೇ ನನಗೆ ಗೊತ್ತು.

ಮಾಲೀಕ ಚಡ್ಡಿಯಲ್ಲಿ ಬಂದ. ಹೊಟ್ಟೆ ಮುಂದೆ, ಅವನು ಹಿಂದೆ. ಎದೆಯ ಮೇಲೆ ಹೆಬ್ಬೆರಳು ದಪ್ಪದ ಬೆಳ್ಳಿ ಸರ ಹೊಳೆಯುತ್ತಿತ್ತು. ಬಾಟ್ಲಿ ಸಾಹೇಬ ಅವನನ್ನು ನೀರು ಕಡಲು ಸೇರುವ ಅಳಿವೆಯ ಕಡೆಯ ಮರಳಿಗೆ ಕರೆದೊಯ್ಯಲು ನೋಡಿದ. ಮಾಲೀಕ ಪೈಪಿನ ಕಡೆಗೇ ಹೊರಟ.

"ಅಲ್ಲಿ ಬೇಡ ಸಾರ್, ಈ ಕಡೆ ಬನ್ನಿ."

"ಯಾಕಯ್ಯಾ? ಫೋಟೋದಲ್ಲಿ ನನ್ನ ಕಾರ್ಖಾನೆ ಕಾಣೋದು ಬೇಡ್ವಾ?"

"ಅದು ಹಾಗಲ್ಲ ಸಾರ್. ಅಲ್ಲಿ ನೀರು ಸ್ವಲ್ಪ..."

"ನೀನೇ ತಾನೇ ಶುದ್ಧ ಅಂತ ಬರ್ಕೊಟ್ಟಿದ್ದು? ನೋಡು, ತಿಳಿಯಾಗಿದೆ!"

ಪಾಪ, ತಾನೇ ಬರೆಸಿಕೊಂಡ ಸುಳ್ಳನ್ನು ಮನುಷ್ಯ ನಂಬಿಬಿಟ್ಟಿದ್ದ. ನಮಗೆ ನಗು ತಡೆಯಲಾಗಲಿಲ್ಲ. ಹಲ್ಲು ಕಿರಿಯಲು ಹೇಳಿದ್ದು ಒಳ್ಳೆಯದೇ ಆಯಿತು.

ಗಾಳಿಯಿರಲಿಲ್ಲ. ಮೇಲಿನ ನೀರು ನಿಜವಾಗಿಯೂ ತಿಳಿಯಾಗಿತ್ತು. ಮಾಲೀಕ ಸೊಂಟದವರೆಗೆ ಇಳಿದು, ಕೈ ಮೇಲೆತ್ತಿ, ಕ್ಯಾಮೆರಾದ ಕಡೆ ನಕ್ಕ. ನಾವು ಅವನ ಸುತ್ತ ಬಂದು, ಒಬ್ಬರ ಹೆಗಲು ಒಬ್ಬರು ಹಿಡಿದೆವು. ನಾದಿನಿಯೂ ಬಂದಿದ್ದಳು. ದಡದಲ್ಲಿ ಕೂತಿರು ಎಂದರೆ ಕೇಳಿರಲಿಲ್ಲ.

"ಹೂಂ," ಎಂದಳು ಅತ್ತೆ. ಎಲ್ಲರೂ ಸೆರಗಿನ ತುದಿಯನ್ನು ಮೂಗಿಗೆ ಬಿಗಿದುಕೊಂಡೆವು.

ತುಳಿದೆವು. ಹಿಮ್ಮಡಿ ಊರಿ, ತಿರುಗಿಸಿ, ಕೆಸರಿನ ಒಳಗಿನ ಕೆಸರನ್ನೂ ಎಬ್ಬಿಸಿದೆವು. ಮೊದಲು ಗುಳ್ಳೆಗಳು ಬಂದವು. ಆಮೇಲೆ ಕಾಡಿಗೆಯಂಥ ಕಪ್ಪು ಮಾಲೀಕನ ತೊಡೆ, ಸೊಂಟ, ಹೊಟ್ಟೆ ಏರಿತು. ನಾತ ಎದ್ದಿತು. ಒಂದು ಬಂಡಿ ಮೊಟ್ಟೆ ಒಟ್ಟಿಗೇ ಕೊಳೆತಂತೆ.

"ಥೂ! ಏನ್ರೇ ಮಾಡ್ತಿದೀರಾ ಬೇವಾರ್ಸಿಗಳಾ! ನಿಲ್ಲಿಸ್ರೇ!"

"ಕೆಲಸ ಮಾಡ್ತಿದೀವಿ ಧಣಿ. ಮ್ಯಾನೇಜರು ಹೇಳಿದ್ರು."

ಓಡಲು ನೋಡಿದ. ಕೆಸರು ಬಿಡಲಿಲ್ಲ. ಕಾಲು ಕಿತ್ತಷ್ಟೂ ಹೂತುಹೋಗಿ, ಮುಗ್ಗರಿಸಿ, ಒಂದು ಪೂರಾ ಮುಳುಗು ಹಾಕಿದ. ಮೇಲೆದ್ದಾಗ ಕೆಮ್ಮುತ್ತಿದ್ದ, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆ ನೀರು ತಾಗಿ ಬೆಳ್ಳಿ ಸರ ಮೊದಲು ಹಳದಿಗೆ ತಿರುಗಿತು, ಆಮೇಲೆ ಕಂದು. ನೋಡನೋಡುತ್ತ ಬಾಣಲೆ ತಳದ ಬಣ್ಣಕ್ಕೆ ಬಂತು. ಫೋಟೋದವನು ಒಂದು ಕೈಯಲ್ಲಿ ಮೂಗು ಹಿಡಿದು, ಇನ್ನೊಂದರಲ್ಲಿ ಪಟಪಟನೆ ಕ್ಲಿಕ್ಕಿಸುತ್ತಿದ್ದ.

ಅತ್ತೆ ದಡದ ಕಡೆ ತಿರುಗಿದಳು. "ಸಾಹೇಬ್ರೇ, ಬಾಟ್ಲಿ ತಂದಿದೀರಾ? ಈಗ ತುಂಬ್ಕೊಳ್ಳಿ. ತಳದ್ದು ಮೇಲೆ ಬಂದಿದೆ."

ಬಾಟ್ಲಿ ಸಾಹೇಬ ಕೈಯಲ್ಲಿದ್ದ ಖಾಲಿ ಬಾಟಲಿಯನ್ನು ನೋಡಿದ. ಮಾಲೀಕನನ್ನು ನೋಡಿದ. ನೀರಿಗೂ ಇಳಿಯಲಿಲ್ಲ, ಹಿಂದಕ್ಕೂ ಹೋಗಲಿಲ್ಲ.

ಮ್ಯಾನೇಜರು ಬೋರ್ಡಿನ ಕಡೆ ಓಡಿದ. "ಬೋರ್ಡು ಹೊಡೀರೋ ಬೇಗ! ಇವರನ್ನ ನೀರಿಂದ ಆಚೆ ಹಾಕಿ!"

ನನಗೂ ಕಣ್ಣು ಉರಿಯುತ್ತಿತ್ತು. ನಾದಿನಿಯ ಏದುಸಿರು ನನ್ನ ಕಿವಿಗೇ ಬಡಿಯುತ್ತಿತ್ತು. "ಸಾಕು, ನೀನು ದಡಕ್ಕೆ ಹೋಗೇ," ಎಂದೆ. ಅವಳು ಹೆಗಲ ಮೇಲಿನ ಕೈ ಬಿಗಿ ಮಾಡಿದಳು.

ದಡದಲ್ಲಿ ಸುತ್ತಿಗೆಯ ಸದ್ದು ಶುರುವಾಯಿತು. ನಾವು ತುಳಿಯುತ್ತಲೇ ಇದ್ದೆವು.